ಸಾರ್ವಜನಿಕ ಸಂಗ್ರಹಣೆಯಲ್ಲಿ ಪರಿಸರ ಷರತ್ತುಗಳು: ಅವುಗಳ ಪರಿಣಾಮವನ್ನು ಅಳೆಯುವ ಬಗೆ

1. ಪೀಠಿಕೆ

ಸರ್ಕಾರಿ ಕಚೇರಿಗೆ ಅರ್ಜಿ ಸಲ್ಲಿಸಲು ಬರುವ ನಾಗರಿಕರು ಕುಳಿತುಕೊಳ್ಳುವ ಬೆಂಚು, ತಲೆಯ ಮೇಲೆ ತಿರುಗುವ ಫ್ಯಾನು, ಅರ್ಜಿ ಮುದ್ರಿಸಿದ ಕಾಗದ, ಕಟ್ಟಡದ ಇಟ್ಟಿಗೆ, ಕಚೇರಿಯವರೆಗೆ ಕರೆತಂದ ಬಸ್ಸು ಇವೆಲ್ಲವೂ ಸಾರ್ವಜನಿಕ ಹಣದಿಂದ ಖರೀದಿಸಲ್ಪಟ್ಟವು ಅಥವಾ ಬಾಡಿಗೆಗೆ ಪಡೆಯಲ್ಪಟ್ಟವು. ಸರ್ಕಾರವು ತನ್ನ ಕಾರ್ಯನಿರ್ವಹಣೆಗಾಗಿ ಸರಕು, ಸೇವೆ ಹಾಗೂ ಕಾಮಗಾರಿಗಳನ್ನು ಹೀಗೆ ಪಡೆಯುವ ಕ್ರಿಯೆಗೆ ಸಾರ್ವಜನಿಕ ಸಂಗ್ರಹಣೆ ಎಂದು ಹೆಸರು. ಭಾರತದಲ್ಲಿ ಇದರ ಒಟ್ಟು ಮೌಲ್ಯವು ಒಟ್ಟು ದೇಶೀಯ ಉತ್ಪನ್ನದ ಸುಮಾರು ಐದನೆಯ ಒಂದು ಭಾಗದಷ್ಟಿದೆ ಎಂದು ಸಾಮಾನ್ಯವಾಗಿ ಅಂದಾಜಿಸಲಾಗುತ್ತದೆ.

ಇಷ್ಟು ದೊಡ್ಡ ಖರೀದಿದಾರನು ಏನನ್ನು ಕೇಳುತ್ತಾನೆಯೋ ಮಾರುಕಟ್ಟೆಯು ಅದನ್ನೇ ತಯಾರಿಸಲು ಮುಂದಾಗುತ್ತದೆ. ಆದ್ದರಿಂದಲೇ ಟೆಂಡರು ದಾಖಲೆಗಳಲ್ಲಿ ಪರಿಸರಕ್ಕೆ ಸಂಬಂಧಿಸಿದ ಷರತ್ತುಗಳನ್ನು ಸೇರಿಸುವ ಪದ್ಧತಿ ಹಲವು ದೇಶಗಳಲ್ಲಿ ಬೆಳೆದುಬಂದಿದೆ. ಜಪಾನ್ ದೇಶವು ಈ ಉದ್ದೇಶಕ್ಕಾಗಿಯೇ 2000ನೇ ಇಸವಿಯಲ್ಲಿ ಪ್ರತ್ಯೇಕ ಕಾನೂನನ್ನು ರಚಿಸಿತು. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳ ಪೈಕಿ 12.7ನೇ ಉಪಗುರಿಯು ಸುಸ್ಥಿರ ಸಾರ್ವಜನಿಕ ಸಂಗ್ರಹಣೆಗೇ ಮೀಸಲಾಗಿದೆ.

ಆದರೆ ಟೆಂಡರಿನಲ್ಲಿ ಷರತ್ತನ್ನು ಬರೆಯುವುದು ಒಂದು ಸಂಗತಿ. ಆ ಷರತ್ತಿನಿಂದ ಗಾಳಿ, ನೀರು, ಮಣ್ಣು ಮತ್ತು ಸಾರ್ವಜನಿಕ ಹಣಕ್ಕೆ ನಿಜವಾಗಿ ಎಷ್ಟು ಒಳಿತಾಯಿತು ಎಂಬುದು ಬೇರೆಯೇ ಸಂಗತಿ. ಮೊದಲನೆಯದನ್ನು ಕಡತದಲ್ಲಿ ಓದಬಹುದು. ಎರಡನೆಯದನ್ನು ಅಳೆದೇ ತಿಳಿಯಬೇಕು. ಆ ಅಳತೆಯ ವಿಧಾನವನ್ನು ಸಾರ್ವಜನಿಕರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶವಾಗಿದೆ.

2. ಕಾನೂನಿನ ಚೌಕಟ್ಟು

ಕರ್ನಾಟಕದಲ್ಲಿ ಸರ್ಕಾರಿ ಇಲಾಖೆಗಳು, ನಿಗಮಗಳು, ಸ್ಥಳೀಯ ಸಂಸ್ಥೆಗಳು ನಡೆಸುವ ಖರೀದಿಗಳಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹಾಗೂ ಅದರಡಿ ರಚಿಸಲಾದ 2000ದ ನಿಯಮಗಳು ಅನ್ವಯಿಸುತ್ತವೆ. ಟೆಂಡರು ದಾಖಲೆಯಲ್ಲಿ ಮುಂಚಿತವಾಗಿ ತಿಳಿಸಿದ ಮಾನದಂಡಗಳ ಆಧಾರದ ಮೇಲೆಯೇ ಟೆಂಡರುಗಳನ್ನು ಪರಿಶೀಲಿಸಬೇಕೆಂಬುದು ಈ ಕಾನೂನಿನ ಮೂಲತತ್ವ. ಪರಿಸರ ಷರತ್ತುಗಳಿಗೂ ಇದೇ ತತ್ವ ಅನ್ವಯಿಸುತ್ತದೆ. ಅವು ಮೊದಲೇ, ಸ್ಪಷ್ಟವಾಗಿ, ಅಳೆಯಬಹುದಾದ ರೂಪದಲ್ಲಿ ಟೆಂಡರಿನಲ್ಲಿರಬೇಕು. ಟೆಂಡರು ತೆರೆದ ನಂತರ ಸೇರಿಸಲು ಬರುವುದಿಲ್ಲ.

ಕೇಂದ್ರ ಸರ್ಕಾರದ ಇಲಾಖೆಗಳಿಗೆ ಸಾಮಾನ್ಯ ಹಣಕಾಸು ನಿಯಮಗಳು, 2017 ಅನ್ವಯಿಸುತ್ತವೆ. ಅಧಿಸೂಚಿತ ವಿದ್ಯುತ್ ಉಪಕರಣಗಳನ್ನು ಖರೀದಿಸುವಾಗ ಇಂಧನ ದಕ್ಷತಾ ಬ್ಯೂರೋದ ನಿಗದಿತ ನಕ್ಷತ್ರ ಗುರುತು ಅಥವಾ ಅದಕ್ಕಿಂತ ಹೆಚ್ಚಿನದು ಇರಬೇಕೆಂದು ಸದರಿ ನಿಯಮಗಳು ತಿಳಿಸುತ್ತವೆ. ಈ ಬ್ಯೂರೋ ಇಂಧನ ಸಂರಕ್ಷಣಾ ಅಧಿನಿಯಮ, 2001ರ ಅಡಿಯಲ್ಲಿ 2002ರಲ್ಲಿ ಸ್ಥಾಪನೆಯಾಯಿತು. ನಕ್ಷತ್ರ ಗುರುತಿನ ಯೋಜನೆ 2006ರಲ್ಲಿ ಆರಂಭವಾಯಿತು.

ಷರತ್ತು ಇದ್ದೂ ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ಇಕೋಮಾರ್ಕ್’ ಉತ್ತಮ ನಿದರ್ಶನ. ಪರಿಸರಸ್ನೇಹಿ ಉತ್ಪನ್ನಗಳಿಗೆ ಮಣ್ಣಿನ ಮಡಕೆಯ ಚಿಹ್ನೆಯನ್ನು ನೀಡುವ ಈ ಯೋಜನೆಯನ್ನು ಕೇಂದ್ರ ಸರ್ಕಾರವು 1991ರಲ್ಲಿಯೇ ಜಾರಿಗೆ ತಂದಿತು. ಆದರೆ ಸರ್ಕಾರಿ ಖರೀದಿದಾರರು ಆ ಚಿಹ್ನೆಯನ್ನು ಕೇಳುವ ಪದ್ಧತಿ ಬೆಳೆಯಲಿಲ್ಲ. ಅದನ್ನು ಪಡೆದ ಉತ್ಪನ್ನಗಳ ಸಂಖ್ಯೆಯೂ ಅತ್ಯಲ್ಪವಾಗಿಯೇ ಉಳಿಯಿತು. 2024ರಲ್ಲಿ ಹೊಸ ಇಕೋಮಾರ್ಕ್ ನಿಯಮಗಳನ್ನು ಹೊರಡಿಸಬೇಕಾಯಿತು.

3. ಪರಿಣಾಮ ಎಂದರೇನು?

ಪರಿಸರ ಷರತ್ತೊಂದು ಕಾಗದದಿಂದ ನೆಲಕ್ಕೆ ಇಳಿಯುವಾಗ ನಾಲ್ಕು ಮೆಟ್ಟಿಲುಗಳನ್ನು ಹಾದುಬರುತ್ತದೆ:

(ಅ) ನಿಗದಿ: ಷರತ್ತನ್ನು ಟೆಂಡರು ದಾಖಲೆಯಲ್ಲಿ ಸೇರಿಸಲಾಯಿತೇ?
(ಆ) ಪೂರೈಕೆ: ಬಂದ ಸರಕು ಆ ಷರತ್ತಿಗೆ ಅನುಗುಣವಾಗಿದೆಯೇ?
(ಇ) ಬಳಕೆ: ಸರಕು ಉದ್ದೇಶಿತ ಸ್ಥಳದಲ್ಲಿ, ಉದ್ದೇಶಿತ ರೀತಿಯಲ್ಲಿ ಬಳಕೆಯಾಗುತ್ತಿದೆಯೇ?
(ಈ) ಪರಿಣಾಮ: ಷರತ್ತು ಇಲ್ಲದಿದ್ದಲ್ಲಿ ಆಗುತ್ತಿದ್ದುದಕ್ಕಿಂತ ಪರಿಸರದ ಸ್ಥಿತಿ ಎಷ್ಟು ಸುಧಾರಿಸಿತು?

ಬಹುತೇಕ ವರದಿಗಳು ಮೊದಲ ಮೆಟ್ಟಿಲಿನಲ್ಲಿಯೇ ನಿಲ್ಲುತ್ತವೆ. ‘ಇಷ್ಟು ಟೆಂಡರುಗಳಲ್ಲಿ ಪರಿಸರ ಷರತ್ತು ಸೇರಿಸಲಾಗಿದೆ’ ಎಂಬ ಸಂಖ್ಯೆಯನ್ನು ಸುಲಭವಾಗಿ ಎಣಿಸಬಹುದು. ಆದರೆ ನಾಗರಿಕರ ಹಣಕ್ಕೆ ಉತ್ತರ ಸಿಗುವುದು ನಾಲ್ಕನೆಯ ಮೆಟ್ಟಿಲಿನಲ್ಲಿ. ಅಲ್ಲಿಯೂ ‘ಮೊದಲು’ ಮತ್ತು ‘ನಂತರ’ ಎಂಬ ಹೋಲಿಕೆ ಮಾತ್ರ ಸಾಲುವುದಿಲ್ಲ. ತಂತ್ರಜ್ಞಾನ ಬದಲಾಗುವುದು, ಬೆಲೆ ಇಳಿಯುವುದು, ಮಳೆ ಹೆಚ್ಚು ಕಡಿಮೆಯಾಗುವುದು ಇವೆಲ್ಲ ಷರತ್ತಿನ ಹಂಗಿಲ್ಲದೆಯೂ ನಡೆಯುತ್ತವೆ. ಆದ್ದರಿಂದ ‘ಷರತ್ತು ಇಲ್ಲದಿದ್ದಲ್ಲಿ ಏನಾಗುತ್ತಿತ್ತು?’ ಎಂಬ ಪ್ರಶ್ನೆಯೇ ಮೌಲ್ಯಮಾಪನದ ತಿರುಳು. ಈ ಕೆಳಗಿನ ನಾಲ್ಕು ನಿದರ್ಶನಗಳು ಇದನ್ನು ವಿವರಿಸುತ್ತವೆ.

4. ಮೊದಲ ನಿದರ್ಶನ: ಫ್ಯಾನು ಮತ್ತು ಜೀವಿತಾವಧಿ ವೆಚ್ಚ

ಸರಕಿನ ಖರೀದಿ ಬೆಲೆಯ ಜೊತೆಗೆ ಅದರ ಬಳಕೆಯ ವಿದ್ಯುತ್, ದುರಸ್ತಿ ಹಾಗೂ ಕೊನೆಯಲ್ಲಿ ವಿಲೇವಾರಿಯ ವೆಚ್ಚಗಳನ್ನು ಕೂಡಿಸಿದರೆ ದೊರೆಯುವ ಮೊತ್ತವೇ ಜೀವಿತಾವಧಿ ವೆಚ್ಚ. ಖರೀದಿ ಬೆಲೆಯನ್ನು ಮಾತ್ರ ನೋಡಿದಾಗ ಅಗ್ಗವಾಗಿ ಕಾಣುವ ಸರಕು ಈ ಲೆಕ್ಕದಲ್ಲಿ ದುಬಾರಿಯಾಗಬಹುದು.

ಹಳೆಯ ಮಾದರಿಯ ಛಾವಣಿ ಫ್ಯಾನು ಸುಮಾರು 75 ವ್ಯಾಟ್ ವಿದ್ಯುತ್ತನ್ನು ಬಳಸುತ್ತದೆ. ಹೊಸ ಮಾದರಿಯ ಮೋಟಾರಿನ ಫ್ಯಾನು ಸುಮಾರು 30 ವ್ಯಾಟ್ ಬಳಸುತ್ತದೆ. ಹೊಸ ಫ್ಯಾನಿನ ಬೆಲೆ ರೂ. 1,500ರಷ್ಟು ಹೆಚ್ಚೆಂದೂ ವಿದ್ಯುತ್ ದರ ಯೂನಿಟ್‌ಗೆ ರೂ. 7 ಎಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳಬಹುದು.

ಶಾಲಾ ಕೊಠಡಿಯಲ್ಲಿ: ದಿನಕ್ಕೆ 6 ಗಂಟೆ, ವರ್ಷಕ್ಕೆ 200 ದಿನ ತಿರುಗಿದರೆ ವಾರ್ಷಿಕ ಉಳಿತಾಯ 54 ಯೂನಿಟ್, ಅಂದರೆ ರೂ. 378. ಹೆಚ್ಚುವರಿ ಬೆಲೆ ಮರಳಲು ಸುಮಾರು ನಾಲ್ಕು ವರ್ಷ ಬೇಕು.

ಆಸ್ಪತ್ರೆಯ ವಾರ್ಡಿನಲ್ಲಿ: ಹಗಲಿರುಳೂ ವರ್ಷವಿಡೀ ತಿರುಗಿದರೆ ವಾರ್ಷಿಕ ಉಳಿತಾಯ ಸುಮಾರು 394 ಯೂನಿಟ್, ಅಂದರೆ ರೂ. 2,750ಕ್ಕೂ ಹೆಚ್ಚು. ಹೆಚ್ಚುವರಿ ಬೆಲೆ ಏಳು ತಿಂಗಳೊಳಗೆ ಮರಳುತ್ತದೆ.

ಷರತ್ತು ಒಂದೇ, ಫ್ಯಾನು ಒಂದೇ. ಪರಿಣಾಮ ಮಾತ್ರ ಏಳು ಪಟ್ಟು ಭಿನ್ನ. ‘ಇಷ್ಟು ಸಾವಿರ ದಕ್ಷ ಫ್ಯಾನುಗಳನ್ನು ಖರೀದಿಸಲಾಯಿತು’ ಎಂಬ ಸಂಖ್ಯೆಯಿಂದ ಈ ಭೇದ ತಿಳಿಯುವುದಿಲ್ಲ. ಫ್ಯಾನು ಎಲ್ಲಿ, ಎಷ್ಟು ಗಂಟೆ ತಿರುಗುತ್ತದೆ ಎಂಬುದನ್ನು ದಾಖಲಿಸಿದರೆ, ಸೀಮಿತ ಅನುದಾನವಿರುವಾಗ ಮೊದಲು ಎಲ್ಲಿ ಬದಲಾಯಿಸಬೇಕೆಂಬ ನಿರ್ಧಾರವೂ ಸುಲಭವಾಗುತ್ತದೆ.

ಇನ್ನೊಂದು ಎಚ್ಚರಿಕೆಯ ಅಂಶವಿದೆ. ಛಾವಣಿ ಫ್ಯಾನುಗಳಿಗೆ ನಕ್ಷತ್ರ ಗುರುತು 2023ರ ಜನವರಿಯಿಂದ ಕಡ್ಡಾಯವಾಗಿದೆ. ಮಾರುಕಟ್ಟೆಯ ಎಲ್ಲ ಫ್ಯಾನುಗಳೂ ಕನಿಷ್ಠ ಮಟ್ಟವನ್ನು ಮುಟ್ಟಲೇಬೇಕಾದ ಮೇಲೆ, ಟೆಂಡರಿನಲ್ಲಿ ಅದೇ ಕನಿಷ್ಠ ಮಟ್ಟವನ್ನು ಕೇಳುವುದರಿಂದ ಹೆಚ್ಚುವರಿ ಪರಿಣಾಮವೇನೂ ಉಂಟಾಗುವುದಿಲ್ಲ. ಕಾನೂನು ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಮೇಲೆ ಕೇಳಿದ್ದು ಮಾತ್ರ ಟೆಂಡರು ಷರತ್ತಿನ ಫಲ. ನಕ್ಷತ್ರಗಳ ಮಾನದಂಡವನ್ನು ಕಾಲಕಾಲಕ್ಕೆ ಬಿಗಿಗೊಳಿಸಲಾಗುವುದರಿಂದ ಗುರುತಿನ ವರ್ಷವನ್ನೂ ದಾಖಲಿಸುವುದು ಅಗತ್ಯ.

5. ಎರಡನೆಯ ನಿದರ್ಶನ: ಎಲ್‌ಇಡಿ ಬಲ್ಬು ಮತ್ತು ಅಂದಾಜಿನ ಲೆಕ್ಕ

2015ರ ಜನವರಿ 5ರಂದು ಆರಂಭವಾದ ಕೇಂದ್ರ ಸರ್ಕಾರದ ‘ಉಜಾಲಾ’ ಯೋಜನೆಯು ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಿಂದ ಪರಿಚಿತವಾಯಿತು. ವಿದ್ಯುತ್ ಗ್ರಾಹಕರಿಗೆ ಕಡಿಮೆ ದರದಲ್ಲಿ ವಿತರಿಸಲು ಸಾರ್ವಜನಿಕ ವಲಯದ ಎನರ್ಜಿ ಎಫಿಷಿಯನ್ಸಿ ಸರ್ವೀಸಸ್ ಲಿಮಿಟೆಡ್ ಸಂಸ್ಥೆಯು ಎಲ್‌ಇಡಿ ಬಲ್ಬುಗಳನ್ನು ಸಗಟಾಗಿ ಟೆಂಡರು ಮೂಲಕ ಖರೀದಿಸಿತು. 2014ರ ಆರಂಭದಲ್ಲಿ ಬಲ್ಬೊಂದಕ್ಕೆ ರೂ. 310 ಇದ್ದ ಖರೀದಿ ದರ 2017ರ ವೇಳೆಗೆ ರೂ. 38ರ ಆಸುಪಾಸಿಗೆ ಇಳಿಯಿತು. ಒಟ್ಟು 36.86 ಕೋಟಿ ಬಲ್ಬುಗಳು ವಿತರಣೆಯಾದವು. ಇದರಿಂದ ವರ್ಷಕ್ಕೆ 4,790 ಕೋಟಿ ಯೂನಿಟ್ ವಿದ್ಯುತ್ ಉಳಿತಾಯವಾಗುತ್ತದೆಂದೂ 3.87 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ತಪ್ಪುತ್ತದೆಂದೂ ಅಂದಾಜಿಸಲಾಗಿದೆ.

ಸಗಟು ಖರೀದಿಯಿಂದ ಬೆಲೆಯನ್ನು ಇಳಿಸಬಹುದೆಂಬುದಕ್ಕೆ ಇದು ದೇಶದ ಪ್ರಮುಖ ನಿದರ್ಶನ. ಆದರೂ ಮೌಲ್ಯಮಾಪನದ ದೃಷ್ಟಿಯಿಂದ ಮೇಲ್ಕಂಡ ಅಂದಾಜನ್ನು ಬಿಡಿಸಿ ನೋಡುವುದು ಉಪಯುಕ್ತ. 4,790 ಕೋಟಿ ಯೂನಿಟ್‌ಗಳನ್ನು 36.86 ಕೋಟಿ ಬಲ್ಬುಗಳಿಗೆ ಹಂಚಿದರೆ ಬಲ್ಬೊಂದಕ್ಕೆ ವರ್ಷಕ್ಕೆ ಸುಮಾರು 130 ಯೂನಿಟ್ ಬರುತ್ತದೆ. 60 ವ್ಯಾಟಿನ ಹಳೆಯ ಬಲ್ಬಿನ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ 7 ಗಂಟೆಯಂತೆ ವರ್ಷದ 365 ದಿನವೂ ಉರಿದರೆ ಆಗುವ ಉಳಿತಾಯ ಸರಿಯಾಗಿ ಇಷ್ಟೇ.

ಎಲ್ಲ ಮನೆಗಳಲ್ಲಿಯೂ ಹೀಗೆಯೇ ನಡೆಯಿತೇ ಎಂಬುದು ಪ್ರಶ್ನೆ. ಅದೇ ಬಲ್ಬು ದಿನಕ್ಕೆ 3 ಗಂಟೆ ಮಾತ್ರ ಉರಿದರೆ ಉಳಿತಾಯ ಸುಮಾರು 56 ಯೂನಿಟ್. ತೆಗೆದುಹಾಕಿದ ಬಲ್ಬು 60 ವ್ಯಾಟಿನದಲ್ಲದೆ 14 ವ್ಯಾಟಿನ ಸಿಎಫ್‌ಎಲ್ ಆಗಿದ್ದರೆ 7 ಗಂಟೆ ಉರಿದರೂ ಉಳಿತಾಯ ಸುಮಾರು 13 ಯೂನಿಟ್ ಮಾತ್ರ. ಬಲ್ಬನ್ನು ಮೊದಲು ದೀಪವೇ ಇಲ್ಲದ ಕೊಟ್ಟಿಗೆಗೆ ಹಾಕಿದ್ದರೆ ಉಳಿತಾಯವಿಲ್ಲ. ಆದರೆ ಆ ಮನೆಗೆ ಬೆಳಕು ಬಂದಿತು, ಅದೂ ಒಂದು ಪ್ರಯೋಜನವೇ. ಮೂರು ವರ್ಷದ ನಂತರ ಕೆಟ್ಟುಹೋದ ಬಲ್ಬನ್ನು ಮುಂದಿನ ವರ್ಷಗಳ ಲೆಕ್ಕದಲ್ಲಿ ಸೇರಿಸಲು ಬರುವುದಿಲ್ಲ.

ಇಂಗಾಲದ ಲೆಕ್ಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮೇಲಿನ ಅಂದಾಜಿನಲ್ಲಿ ಯೂನಿಟ್‌ಗೆ ಸುಮಾರು 0.81 ಕಿಲೋಗ್ರಾಂ ಹಿಡಿಯಲಾಗಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಂತೆ 2022-23ರಲ್ಲಿ ದೇಶದ ವಿದ್ಯುತ್ ಜಾಲದ ಸರಾಸರಿ ಸುಮಾರು 0.72 ಕಿಲೋಗ್ರಾಂ. ಉಳಿಸಿದ ಯೂನಿಟ್ ಅಷ್ಟೇ ಇದ್ದರೂ, ಜಾಲಕ್ಕೆ ಸೌರ ಹಾಗೂ ಪವನ ವಿದ್ಯುತ್ ಸೇರಿದಂತೆ ತಪ್ಪಿದ ಇಂಗಾಲದ ಪ್ರಮಾಣ ಇಳಿಯುತ್ತದೆ.

ಇದರಿಂದ ಯೋಜನೆಯ ಮಹತ್ವ ಕುಗ್ಗುವುದಿಲ್ಲ. ಪ್ರಕಟಿತ ಅಂಕಿಯು ಮೀಟರಿನಲ್ಲಿ ಓದಿದ್ದಲ್ಲ, ಊಹೆಗಳ ಮೇಲೆ ಕಟ್ಟಿದ್ದು ಎಂಬುದಷ್ಟೇ ಇಲ್ಲಿನ ತಾತ್ಪರ್ಯ. ಊಹೆಗಳನ್ನು ಅಂಕಿಯ ಪಕ್ಕದಲ್ಲಿಯೇ ಪ್ರಕಟಿಸಿ, ಆಯ್ದ ಮನೆಗಳಲ್ಲಿ ಮಾದರಿ ಸಮೀಕ್ಷೆ ನಡೆಸಿ ತಿದ್ದುವುದೇ ಉತ್ತಮ ಮೌಲ್ಯಮಾಪನ. ಬೆಲೆ ಇಳಿಕೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಅದೇ ಅವಧಿಯಲ್ಲಿ ವಿಶ್ವದಾದ್ಯಂತ ಎಲ್‌ಇಡಿ ಬೆಲೆಗಳು ಇಳಿಯುತ್ತಿದ್ದವು. ಒಟ್ಟು ಇಳಿಕೆಯಲ್ಲಿ ಟೆಂಡರಿನ ಪಾಲೆಷ್ಟು, ಜಾಗತಿಕ ಮಾರುಕಟ್ಟೆಯ ಪಾಲೆಷ್ಟು ಎಂದು ಬೇರ್ಪಡಿಸಬೇಕಾಗುತ್ತದೆ.

6. ಮೂರನೆಯ ನಿದರ್ಶನ: ಹಾರುಬೂದಿ ಇಟ್ಟಿಗೆ

ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು. ರಾಯಚೂರು ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ, ಬಳ್ಳಾರಿ ಮತ್ತು ಯರಮರಸ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದ ನಂತರ ಉಳಿಯುವ ಹಾರುಬೂದಿಯನ್ನು ಕೊಳಗಳಲ್ಲಿ ತುಂಬಿಸಿದರೆ ಜಮೀನು, ಅಂತರ್ಜಲ ಮತ್ತು ಗಾಳಿಗೆ ತೊಂದರೆ. ಇನ್ನೊಂದೆಡೆ ಮಣ್ಣಿನ ಇಟ್ಟಿಗೆಗಾಗಿ ಹೊಲದ ಫಲವತ್ತಾದ ಮೇಲ್ಮಣ್ಣನ್ನು ಅಗೆಯಲಾಗುತ್ತದೆ. ಈ ಎರಡು ಸಮಸ್ಯೆಗಳಿಗೆ ಒಂದೇ ಪರಿಹಾರವಾಗಿ ಕೇಂದ್ರ ಸರ್ಕಾರವು ಪರಿಸರ (ಸಂರಕ್ಷಣೆ) ಅಧಿನಿಯಮ, 1986ರ ಅಡಿಯಲ್ಲಿ 1999ರ ಸೆಪ್ಟೆಂಬರ್ 14ರಂದು ಅಧಿಸೂಚನೆ ಹೊರಡಿಸಿ, ಸ್ಥಾವರಗಳ ಸುತ್ತಲಿನ ನಿರ್ಮಾಣ ಕಾರ್ಯಗಳಲ್ಲಿ ಹಾರುಬೂದಿಯ ಉತ್ಪನ್ನಗಳ ಬಳಕೆಯನ್ನು ಕಡ್ಡಾಯಗೊಳಿಸಿತು. ನಂತರದ ತಿದ್ದುಪಡಿಗಳಲ್ಲಿ ವ್ಯಾಪ್ತಿಯನ್ನು ಹಂತ ಹಂತವಾಗಿ ಹಿಗ್ಗಿಸಲಾಯಿತು; 2016ರಲ್ಲಿ ಅದು 300 ಕಿ.ಮೀ.ಗೆ ಏರಿತು. 2021ರ ಡಿಸೆಂಬರ್ 31ರ ಹೊಸ ಅಧಿಸೂಚನೆಯು ಬಳಸದೆ ಉಳಿಸಿದ ಬೂದಿಗೆ ಸ್ಥಾವರಗಳು ಟನ್ನಿಗೆ ರೂ. 1,000ದಂತೆ ಪರಿಸರ ಪರಿಹಾರ ತೆರಬೇಕೆಂದು ವಿಧಿಸಿತು.

1996-97ರಲ್ಲಿ ದೇಶದಲ್ಲಿ ಉತ್ಪತ್ತಿಯಾದ ಹಾರುಬೂದಿಯ ಪೈಕಿ ಬಳಕೆಯಾದದ್ದು ಶೇ. 10ಕ್ಕಿಂತ ಕಡಿಮೆ. 2021-22ರ ಹೊತ್ತಿಗೆ ಈ ಪ್ರಮಾಣ ಶೇ. 90ನ್ನು ಮೀರಿತು. ಸಾಧನೆ ದೊಡ್ಡದು. ಆದರೆ ಇದರ ಶ್ರೇಯಸ್ಸೆಲ್ಲ ಸರ್ಕಾರಿ ಕಟ್ಟಡಗಳ ಟೆಂಡರು ಷರತ್ತಿಗೆ ಸಲ್ಲುತ್ತದೆಯೇ? ಬೂದಿಯ ಅತಿ ದೊಡ್ಡ ಗ್ರಾಹಕ ಸಿಮೆಂಟ್ ಉದ್ಯಮ. ಅದು ಲಾಭದಾಯಕವೆಂಬ ಕಾರಣಕ್ಕೂ ಬೂದಿಯನ್ನು ಬಳಸುತ್ತದೆ. ರಸ್ತೆ ನಿರ್ಮಾಣ, ತಗ್ಗು ಪ್ರದೇಶಗಳ ಭರ್ತಿ, ಗಣಿ ಹೊಂಡಗಳ ಮುಚ್ಚುವಿಕೆ ಇವೂ ಬಳಕೆಯ ಲೆಕ್ಕದಲ್ಲಿ ಸೇರುತ್ತವೆ. ತಗ್ಗಿಗೆ ಸುರಿದ ಬೂದಿಯಿಂದ ಒಂದು ಹೊಲದ ಮಣ್ಣೂ ಉಳಿಯುವುದಿಲ್ಲ. ಆದ್ದರಿಂದ ಷರತ್ತಿನ ಉದ್ದೇಶ ಮೇಲ್ಮಣ್ಣಿನ ಸಂರಕ್ಷಣೆಯಾಗಿದ್ದರೆ ಅಳೆಯಬೇಕಾದದ್ದು ಬೂದಿಯ ಶೇಕಡಾವಾರು ಬಳಕೆಯನ್ನಲ್ಲ. ಸರ್ಕಾರಿ ಕಾಮಗಾರಿಗಳಲ್ಲಿ ಮಣ್ಣಿನ ಇಟ್ಟಿಗೆಯ ಬದಲಿಗೆ ಬಳಕೆಯಾದ ಬೂದಿ ಇಟ್ಟಿಗೆಗಳ ಸಂಖ್ಯೆಯನ್ನು ಎಣಿಸಬೇಕು.

ಸಾಗಣೆಯ ದೂರವೂ ಮುಖ್ಯ. ಹಾರುಬೂದಿ ಇಟ್ಟಿಗೆಯನ್ನು ಗೂಡಿನಲ್ಲಿ ಸುಡುವ ಅಗತ್ಯವಿಲ್ಲ, ನೀರು ಹಾಯಿಸಿ ಗಟ್ಟಿಗೊಳಿಸಲಾಗುತ್ತದೆ. ಸ್ಥಾವರದ ಹತ್ತಿರದ ಶಾಲೆಗೆ ಈ ಇಟ್ಟಿಗೆ ಎಲ್ಲ ರೀತಿಯಿಂದಲೂ ಲಾಭ. ಅದೇ ಬೂದಿಯನ್ನು ನೂರಾರು ಕಿ.ಮೀ. ಲಾರಿಯಲ್ಲಿ ಸಾಗಿಸಿದರೆ ಡೀಸೆಲ್ಲಿನ ಹೊಗೆಯು ಗೂಡಿನ ಹೊಗೆಯಲ್ಲಿ ಉಳಿಸಿದ್ದನ್ನು ಕ್ರಮೇಣ ತಿನ್ನುತ್ತಾ ಹೋಗುತ್ತದೆ.

ಒಂದು ಕಡೆಯ ಹೊರೆಯನ್ನು ಇಳಿಸಿ ಇನ್ನೊಂದು ಕಡೆಗೆ ಹೊರಿಸುವುದೂ ಉಂಟು. ನದಿ ಮರಳಿನ ಬದಲಿಗೆ ಕಲ್ಲನ್ನು ಪುಡಿಮಾಡಿ ತಯಾರಿಸಿದ ಎಂ-ಸ್ಯಾಂಡ್ ಬಳಸುವ ಷರತ್ತು ಇದಕ್ಕೆ ನಿದರ್ಶನ. 2016ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ 383 ಇಂತಹ ಮರಳಿಗೆ ಅವಕಾಶ ನೀಡಿತು. ಇದರಿಂದ ನದೀಪಾತ್ರಕ್ಕೆ ಉಸಿರು ದೊರೆಯುತ್ತದೆ; ಆದರೆ ಕಲ್ಲು ಗಣಿಯಿರುವ ಗುಡ್ಡ ಹಾಗೂ ಅದರ ಸುತ್ತಲಿನ ಹಳ್ಳಿಗಳ ಮೇಲೆ ಧೂಳು ಮತ್ತು ಲಾರಿಗಳ ಭಾರ ಬೀಳುತ್ತದೆ. ಮೌಲ್ಯಮಾಪನವು ನದಿಯ ದಡದಲ್ಲಿ ಮಾತ್ರ ನಿಂತು ನೋಡಿದರೆ ಅರ್ಧ ಚಿತ್ರವಷ್ಟೇ ಕಾಣುತ್ತದೆ.

7. ನಾಲ್ಕನೆಯ ನಿದರ್ಶನ: ವಿದ್ಯುತ್ ಬಸ್ಸು

2022ರಲ್ಲಿ ಬೆಂಗಳೂರು, ದೆಹಲಿ, ಕೋಲ್ಕತ್ತ, ಹೈದರಾಬಾದ್ ಹಾಗೂ ಸೂರತ್ ನಗರಗಳ ಬೇಡಿಕೆಯನ್ನು ಒಟ್ಟುಗೂಡಿಸಿ 5,450 ವಿದ್ಯುತ್ ಬಸ್ಸುಗಳಿಗೆ ಒಂದೇ ಟೆಂಡರು ಕರೆಯಲಾಯಿತು. ಇದರಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯ ಪಾಲು 921 ಬಸ್ಸುಗಳು. ಇಲ್ಲಿ ಬಸ್ಸನ್ನು ಖರೀದಿಸುವುದಿಲ್ಲ. ಗುತ್ತಿಗೆದಾರರಿಗೆ ಓಡಿಸಿದ ಕಿಲೋಮೀಟರಿಗೆ ಇಂತಿಷ್ಟು ಎಂದು ಪಾವತಿಸಲಾಗುತ್ತದೆ.

ವಿದ್ಯುತ್ ಬಸ್ಸು ಓಡುವ ರಸ್ತೆಯಲ್ಲಿ ಹೊಗೆ ಬಿಡುವುದಿಲ್ಲ. ನಿಲ್ದಾಣದಲ್ಲಿ ಕಾಯುವ ಪ್ರಯಾಣಿಕರು, ರಸ್ತೆಬದಿಯ ವ್ಯಾಪಾರಿಗಳು, ಸಂಚಾರ ಪೊಲೀಸರು ಈ ಲಾಭವನ್ನು ಮೊದಲ ದಿನದಿಂದಲೇ ಪಡೆಯುತ್ತಾರೆ. ಶಬ್ದವೂ ಕಡಿಮೆ. ಇದು ನಿಸ್ಸಂದೇಹವಾದ ಪರಿಣಾಮ.

ಹವಾಮಾನಕ್ಕೆ ಸಂಬಂಧಿಸಿದ ಲೆಕ್ಕ ಅಷ್ಟು ಸರಳವಲ್ಲ. ಲೀಟರಿಗೆ 4 ಕಿ.ಮೀ. ಓಡುವ ಡೀಸೆಲ್ ಬಸ್ಸಿನಿಂದ ಕಿ.ಮೀ.ಗೆ ಸುಮಾರು 0.67 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಿ.ಮೀ.ಗೆ 1 ಯೂನಿಟ್ ಬಳಸುವ ವಿದ್ಯುತ್ ಬಸ್ಸಿಗೆ ದೇಶದ ಜಾಲದ ಸರಾಸರಿಯನ್ನು ಅನ್ವಯಿಸಿದರೆ, ವಿದ್ಯುತ್ ಸ್ಥಾವರದಲ್ಲಿ ಸುಮಾರು 0.72 ಕಿಲೋಗ್ರಾಂ ಹೊರಬೀಳುತ್ತದೆ. ಡೀಸೆಲ್ಲಿನ ಶುದ್ಧೀಕರಣ ಮತ್ತು ಸಾಗಣೆಯ ಹೊಗೆಯನ್ನು ಸೇರಿಸಿದರೆ ಎರಡೂ ಹೆಚ್ಚು ಕಡಿಮೆ ಸಮವಾಗುತ್ತವೆ. ಬಳಸಿದ ವಿದ್ಯುತ್ತಿನ ಅರ್ಧದಷ್ಟು ಜಲ, ಪವನ ಅಥವಾ ಸೌರ ಮೂಲದ್ದಾಗಿದ್ದು ಉಳಿದರ್ಧ ಸರಾಸರಿ ಜಾಲದ್ದಾದರೆ ಬಸ್ಸಿನ ಪಾಲು 0.36 ಕಿಲೋಗ್ರಾಂಗೆ ಇಳಿಯುತ್ತದೆ.

ಕರ್ನಾಟಕದಲ್ಲಿ ಜಲವಿದ್ಯುತ್ ಹಾಗೂ ಪವನ ವಿದ್ಯುತ್ತಿನ ಜೊತೆಗೆ ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನದಂತಹ ಮೂಲಗಳಿವೆ. ಆದರೆ ಹಗಲಿಡೀ ಓಡುವ ಬಸ್ಸುಗಳು ಮುಖ್ಯವಾಗಿ ರಾತ್ರಿ ಘಟಕಕ್ಕೆ ಮರಳಿದ ಮೇಲೆ ಚಾರ್ಜ್ ಆಗುತ್ತವೆ. ಸೌರ ವಿದ್ಯುತ್ತು ಆ ಹೊತ್ತಿನಲ್ಲಿಲ್ಲ. ಬಸ್ಸು ಯಾವ ಸಮಯದಲ್ಲಿ ಚಾರ್ಜ್ ಆಗುತ್ತದೆ, ಮಧ್ಯಾಹ್ನದ ವಿರಾಮವನ್ನು ಬಳಸಿಕೊಳ್ಳಲಾಗಿದೆಯೇ ಎಂಬ ಸಣ್ಣ ವಿವರವೇ ಪರಿಣಾಮದ ದೊಡ್ಡ ಭಾಗವನ್ನು ನಿರ್ಧರಿಸುತ್ತದೆ. ಆದ್ದರಿಂದ ಇಂತಹ ಗುತ್ತಿಗೆಯ ಮೌಲ್ಯಮಾಪನದಲ್ಲಿ ಬಸ್ಸುಗಳ ಸಂಖ್ಯೆಯ ಜೊತೆಗೆ ಚಾರ್ಜಿಂಗ್ ವೇಳೆ, ಬಳಸಿದ ಯೂನಿಟ್, ಓಡಿದ ಕಿ.ಮೀ. ಮತ್ತು ಸೇವೆಯಿಂದ ಹಿಂತೆಗೆದ ಡೀಸೆಲ್ ಬಸ್ಸುಗಳ ವಿವರ ಇರುವುದು ಅವಶ್ಯ. ಹಳೆಯ ಬಸ್ಸುಗಳು ಹಾಗೆಯೇ ಉಳಿದು ಹೊಸವು ಸೇರ್ಪಡೆಯಾದರೆ, ಪ್ರಯಾಣಿಕರು ಸ್ವಂತ ವಾಹನಗಳನ್ನು ಬಿಟ್ಟು ಬಸ್ಸಿಗೆ ಬಂದರೇ ಎಂಬುದನ್ನು ನೋಡಬೇಕಾಗುತ್ತದೆ.

8. ಪರಿಸರದಾಚೆಗಿನ ಪರಿಣಾಮಗಳು

ಪರಿಸರ ಷರತ್ತುಗಳು ಸ್ಪರ್ಧೆಯ ಮೇಲೂ ಪ್ರಭಾವ ಬೀರುತ್ತವೆ. ದುಬಾರಿ ಪ್ರಮಾಣಪತ್ರವನ್ನು ಕೇಳಿದರೆ ಸಣ್ಣ ಉತ್ಪಾದಕರು, ಸ್ವಸಹಾಯ ಗುಂಪುಗಳು ಟೆಂಡರಿನಿಂದ ಹೊರಗುಳಿಯಬಹುದು. ಆ ಉತ್ಪಾದಕರ ಸರಕು ಪರಿಸರಕ್ಕೆ ಒಳ್ಳೆಯದೇ ಆಗಿದ್ದರೂ ಅದನ್ನು ತೋರಿಸುವ ಕಾಗದ ಇರುವುದಿಲ್ಲ. ಷರತ್ತಿಗೆ ಮೊದಲು ಎಷ್ಟು ಟೆಂಡರುದಾರರು ಭಾಗವಹಿಸುತ್ತಿದ್ದರು, ನಂತರ ಎಷ್ಟು, ದರ ಎಷ್ಟು ಬದಲಾಯಿತು ಎಂಬುದನ್ನೂ ಮೌಲ್ಯಮಾಪನದಲ್ಲಿ ಸೇರಿಸುವುದು ನ್ಯಾಯಸಮ್ಮತ. ಸರಕಿನ ಕೊನೆಯ ಹಂತವನ್ನೂ ಮರೆಯುವಂತಿಲ್ಲ. ದಕ್ಷ ಉಪಕರಣ ಬಂದಾಗ ಹಳೆಯದು ಎಲ್ಲಿಗೆ ಹೋಯಿತು? ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022 ದಿನಾಂಕ 1-4-2023ರಿಂದ ಜಾರಿಯಲ್ಲಿದ್ದು, ಇಂತಹ ತ್ಯಾಜ್ಯವು ನೋಂದಾಯಿತ ಸಂಸ್ಕರಣಾಕಾರರಿಗೇ ತಲುಪಬೇಕಾಗುತ್ತದೆ. ಹಳೆಯ ಫ್ಯಾನು ಹರಾಜಿನಲ್ಲಿ ಹೋಗಿ ಇನ್ನೊಂದು ಕಟ್ಟಡದಲ್ಲಿ ತಿರುಗುತ್ತಿದ್ದರೆ ವಿದ್ಯುತ್ ಉಳಿತಾಯವು ಕಾಗದದಲ್ಲಿ ಮಾತ್ರ ಉಳಿಯುತ್ತದೆ.

9. ಮೌಲ್ಯಮಾಪನ ಮಾಡುವವರು ಯಾರು?

ಖರೀದಿಸಿದ ಇಲಾಖೆಯೇ ಮೊದಲ ಮಾಹಿತಿಯ ಮೂಲ. ಅದರ ಹೊರತಾಗಿ ರಾಜ್ಯದಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವು ಸರ್ಕಾರಿ ಯೋಜನೆಗಳ ಸ್ವತಂತ್ರ ಅಧ್ಯಯನಗಳನ್ನು ನಡೆಸುತ್ತದೆ. ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು ನಡೆಸುವ ಕಾರ್ಯನಿರ್ವಹಣಾ ಲೆಕ್ಕಪರಿಶೋಧನೆಯು ಹಣ ನಿಯಮಬದ್ಧವಾಗಿ ವೆಚ್ಚವಾಯಿತೇ ಎಂಬುದರ ಜೊತೆಗೆ ಉದ್ದೇಶ ಈಡೇರಿತೇ ಎಂಬುದನ್ನೂ ಪರಿಶೀಲಿಸುತ್ತದೆ. ಈ ಎಲ್ಲ ಅಧ್ಯಯನಗಳಿಗೂ ಒಂದು ಪೂರ್ವಾವಶ್ಯಕತೆ ಇದೆ: ಷರತ್ತು ಜಾರಿಗೆ ಬರುವ ಮುನ್ನ ಇದ್ದ ಸ್ಥಿತಿಯ ದಾಖಲೆ. ಹಳೆಯ ಬಲ್ಬಿನ ವ್ಯಾಟ್, ಹಳೆಯ ವಿದ್ಯುತ್ ಬಿಲ್ಲು, ಹಳೆಯ ದರ ಇವನ್ನು ಆಗಲೇ ಬರೆದಿಡದಿದ್ದರೆ ಆನಂತರ ಎಂತಹ ತಜ್ಞರಿಗೂ ಪರಿಣಾಮವನ್ನು ಅಳೆಯಲು ಸಾಧ್ಯವಾಗುವುದಿಲ್ಲ.

10. ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಟೆಂಡರಿನಲ್ಲಿ ಪರಿಸರ ಷರತ್ತು ಇದೆಯೇ ಎಂದು ತಿಳಿಯುವುದು ಹೇಗೆ?
ಉತ್ತರ: ರಾಜ್ಯ ಸರ್ಕಾರದ ಟೆಂಡರುಗಳನ್ನು ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ಪ್ರಕಟಿಸಲಾಗುತ್ತದೆ. ಟೆಂಡರು ದಾಖಲೆಯ ತಾಂತ್ರಿಕ ವಿವರಣೆಯ ಭಾಗದಲ್ಲಿ ಇಂತಹ ಷರತ್ತುಗಳನ್ನು ನೋಡಬಹುದು.

ಪ್ರಶ್ನೆ: ಪೂರೈಕೆಯಾದ ಸಾಮಗ್ರಿ ಷರತ್ತಿನಂತೆ ಇದೆಯೇ ಎಂದು ನಾಗರಿಕರು ಪರಿಶೀಲಿಸಬಹುದೇ?
ಉತ್ತರ: ಹೌದು. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 2(ಜೆ) ಅನ್ವಯ ನಾಗರಿಕರಿಗೆ ದಾಖಲೆಗಳ ದೃಢೀಕೃತ ಪ್ರತಿ ಪಡೆಯುವ ಹಕ್ಕಲ್ಲದೆ, ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕೂ ಇರುತ್ತದೆ.

ಪ್ರಶ್ನೆ: ಅರ್ಜಿಯಲ್ಲಿ ಏನನ್ನು ಕೇಳುವುದು ಉಪಯುಕ್ತ?
ಉತ್ತರ: ‘ಯೋಜನೆ ಯಶಸ್ವಿಯಾಗಿದೆಯೇ?’ ಎಂಬ ಪ್ರಶ್ನೆಗೆ ದಾಖಲೆ ಇರುವುದಿಲ್ಲ. ಅದರ ಬದಲು ನಿರ್ದಿಷ್ಟ ದಾಖಲೆಗಳನ್ನು ಕೋರುವುದು ಸೂಕ್ತ. ಉದಾಹರಣೆಗೆ, ಗ್ರಾಮ ಪಂಚಾಯಿತಿಯ ಬೀದಿ ದೀಪಗಳನ್ನು ಬದಲಾಯಿಸಿದ್ದಲ್ಲಿ: (1) ಟೆಂಡರಿನ ತಾಂತ್ರಿಕ ವಿವರಣೆ, (2) ಪೂರೈಕೆಯ ಪರಿಶೀಲನಾ ವರದಿ, (3) ಬದಲಾವಣೆಗೆ ಹಿಂದಿನ ಹನ್ನೆರಡು ತಿಂಗಳ ಹಾಗೂ ನಂತರದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳು, (4) ಎರಡೂ ಅವಧಿಗಳಲ್ಲಿದ್ದ ದೀಪಗಳ ಸಂಖ್ಯೆ, (5) ಖಾತರಿ ಅವಧಿಯಲ್ಲಿ ಕೆಟ್ಟ ದೀಪಗಳ ವಿವರ. ಈ ಐದು ದಾಖಲೆಗಳಿಂದ ಯಾವ ನಾಗರಿಕರೂ ಪರಿಣಾಮವನ್ನು ಸ್ವತಃ ಲೆಕ್ಕಹಾಕಬಹುದು.

ಪ್ರಶ್ನೆ: ಶುಲ್ಕ ಮತ್ತು ಕಾಲಮಿತಿ ಏನು?
ಉತ್ತರ: ಅರ್ಜಿ ಶುಲ್ಕ ರೂ. 10. ಬಡತನ ರೇಖೆಗಿಂತ ಕೆಳಗಿರುವವರಿಗೆ ವಿನಾಯಿತಿ ಇದೆ. ಸಾರ್ವಜನಿಕ ಮಾಹಿತಿ ಅಧಿಕಾರಿಯು 30 ದಿನಗಳೊಳಗೆ ಉತ್ತರಿಸತಕ್ಕದ್ದು. ಉತ್ತರ ಬಾರದಿದ್ದಲ್ಲಿ ಅಥವಾ ತೃಪ್ತಿಕರವಾಗಿಲ್ಲದಿದ್ದಲ್ಲಿ 30 ದಿನಗಳೊಳಗೆ ಮೊದಲನೇ ಮೇಲ್ಮನವಿಯನ್ನೂ, ಅದರ ನಂತರ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿಯನ್ನೂ ಸಲ್ಲಿಸಬಹುದು.

ಪ್ರಶ್ನೆ: ಪರಿಸರ ಷರತ್ತಿನಿಂದ ವೆಚ್ಚ ಹೆಚ್ಚಾದರೆ ಅದು ಸಾರ್ವಜನಿಕ ಹಣದ ದುರ್ಬಳಕೆಯಲ್ಲವೇ?
ಉತ್ತರ: ಖರೀದಿ ಬೆಲೆ ಹೆಚ್ಚಾದ ಮಾತ್ರಕ್ಕೆ ಹಾಗೆನ್ನಲಾಗದು, ಜೀವಿತಾವಧಿ ವೆಚ್ಚವನ್ನು ನೋಡಬೇಕು. ಜೀವಿತಾವಧಿ ವೆಚ್ಚವೂ ಹೆಚ್ಚಾಗಿದ್ದು, ಅದಕ್ಕೆ ತಕ್ಕ ಪರಿಸರ ಪ್ರಯೋಜನವನ್ನು ಅಳತೆಯಿಂದ ತೋರಿಸಲಾಗದಿದ್ದರೆ ಆ ಷರತ್ತನ್ನು ಪುನರ್‌ಪರಿಶೀಲಿಸುವುದು ಯೋಗ್ಯ.

11. ಸಾರಾಂಶ

ಪರಿಸರ ಷರತ್ತು ಒಂದು ಆರಂಭ ಮಾತ್ರ. ಆಸ್ಪತ್ರೆಯ ವಾರ್ಡಿನ ಫ್ಯಾನು, ಶಾಲೆಯ ಗೋಡೆಯ ಇಟ್ಟಿಗೆ, ನಿಲ್ದಾಣಕ್ಕೆ ಬರುವ ಬಸ್ಸು ಇವು ನಿಜವಾಗಿ ಏನನ್ನು ಉಳಿಸಿದವು ಎಂಬುದು ಮೊದಲಿನ ಸ್ಥಿತಿಯನ್ನು ಬರೆದಿಟ್ಟು, ನಂತರದ ಸ್ಥಿತಿಯನ್ನು ಅಳೆದು, ನಡುವಿನ ವ್ಯತ್ಯಾಸದಲ್ಲಿ ಷರತ್ತಿನ ಪಾಲನ್ನು ಬೇರ್ಪಡಿಸಿದಾಗ ಮಾತ್ರ ತಿಳಿಯುತ್ತದೆ. ಅಳೆದು ಕಂಡ ಫಲ ಚಿಕ್ಕದಾಗಿದ್ದರೂ ಅದು ಮುಂದಿನ ಟೆಂಡರನ್ನು ತಿದ್ದಲು ನೆರವಾಗುತ್ತದೆ. ಅಳೆಯದೆ ಘೋಷಿಸಿದ ದೊಡ್ಡ ಅಂಕಿಯಿಂದ ಆ ನೆರವು ದೊರೆಯುವುದಿಲ್ಲ. ಸಾರ್ವಜನಿಕರು ತಮ್ಮ ಊರಿನ ಖರೀದಿಗಳ ಬಗ್ಗೆ ದಾಖಲೆ ಸಹಿತ ವಿಚಾರಿಸಿದಷ್ಟೂ ಇಲಾಖೆಗಳು ದಾಖಲೆಯಿಡುವ ಪದ್ಧತಿ ಸುಧಾರಿಸುತ್ತದೆ ಮತ್ತು ಸಾರ್ವಜನಿಕ ಹಣಕ್ಕೆ ತಕ್ಕ ಪ್ರತಿಫಲ ದೊರೆಯಲು ಸಹಕಾರಿಯಾಗುತ್ತದೆ.